ಊಟದ ಕುರ್ಚಿಗಳ ವಿಮಾನ

ಅಡುಗೆಮನೆಯ ಮೇಜು,
ಭಾನುವಾರ ಕಳೆದು ರಾತ್ರಿ ಎರಡೂವರೆ

ಪ್ರೀತಿಯ ಅಕ್ಕಾ,

ಹಜಾರದಲ್ಲಿ ಗಾಲಿ ಉರುಳಿದ ಸದ್ದಿಗೆ ಎಚ್ಚರವಾಯಿತು. ಗಾಬರಿಯಾಗಬೇಡ, ಕಳ್ಳರಲ್ಲ. ಮೊದಲು ನಿನ್ನ ಮೊಣಕಾಲು ಹೇಗಿದೆ ಹೇಳು. ರಾತ್ರಿ ಪಾಳಿಯಲ್ಲಿ ಆ ವಾರ್ಡಿನ ಉದ್ದಕ್ಕೂ ನಡೆದರೆ ಯಾವ ಮುಲಾಮು ತಾನೇ ಏನು ಮಾಡೀತು? ನಾವೆಲ್ಲ ಕ್ಷೇಮ. ಪುಟ್ಟಿಗೆ ಹೊಸ ಹಲ್ಲು ಬಂದಿದೆ, ಅದನ್ನು ನನ್ನ ಭುಜದ ಮೇಲೆ ಪರೀಕ್ಷಿಸಿಯೂ ಆಗಿದೆ.

ವಿದೇಶ ಪ್ರವಾಸ ಹೆಚ್ಚುಕಡಿಮೆ ಗಟ್ಟಿಯಾಯಿತು. ಊರು ಆರಿಸುವಷ್ಟರಲ್ಲೇ ಸಾಕುಸಾಕಾಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಗಾದೆ ನಮ್ಮ ಮಕ್ಕಳನ್ನು ನೋಡಿಯೇ ಹುಟ್ಟಿರಬೇಕು. ಹದಿನಾಲ್ಕರ ದೊಡ್ಡವಳಿಗೆ ಅಂಗಡಿಬೀದಿ ಬೇಕು, ಅಲ್ಲಿ ನಮ್ಮ ಗುರುತೇ ಇಲ್ಲದವಳ ಹಾಗೆ ನಡೆಯಬೇಕು. ಆರು ವರ್ಷದ ನಡುವಿನವನಿಗೆ ಹಿಮ ಬೇಕು. ಪುಟ್ಟಿಗೆ ನನ್ನ ಸೊಂಟವೊಂದಿದ್ದರೆ ಸಾಕು. ಕೊನೆಗೆ ಅಂಗಡಿಯೂ ಹಿಮವೂ ಇರುವ ಊರೊಂದನ್ನು ಇವರು ಹುಡುಕಿದರು. ದಾರಿಯಲ್ಲಿ ವಿಮಾನ ಬದಲಿಸಬೇಕು, ಅದೂ ಅವಸರದಲ್ಲಿ.

ಬೆಂಕಿ ಬಿದ್ದರೆ ಕಾರ್ಖಾನೆಯಿಂದ ಹೇಗೆ ಹೊರಬರಬೇಕೆಂದು ಜನರಿಗೆ ಅಭ್ಯಾಸ ಮಾಡಿಸುವ ಇವರು ಸುಮ್ಮನೆ ಹೊರಡುತ್ತಾರೆಯೇ? ನಿನ್ನೆ ಸಂಜೆ ಪ್ರವಾಸದ ತಾಲೀಮು ನಡೆಯಿತು. ಊಟದ ಕುರ್ಚಿಗಳನ್ನು ಸಾಲಾಗಿ ಹಾಕಿ ವಿಮಾನ ಮಾಡಿದರು. "ನಾನು ಕರೆಯೋವರೆಗೂ ಯಾರೂ ಏಳಬಾರದು" ಎಂದು ಕಟ್ಟಪ್ಪಣೆ. "ಅಪ್ಪಾ, ಪಕ್ಕದ ಮನೆಯವ್ರು ನೋಡಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ" ಎಂದು ದೊಡ್ಡವಳ ಗೊಣಗಾಟ. ವಿಮಾನ ಇಳಿಯಿತು, ಪುಟ್ಟಿ ಕಿರುಚಿದಳು, ನಾನು ಅವಳನ್ನೆತ್ತಿಕೊಂಡೆ, ಇವರು ಸೂಟ್‌ಕೇಸ್ ಎಳೆದುಕೊಂಡು ದೊಡ್ಡವಳ ಹಿಂದೆ ಓಡಿದರು. ಬಾಗಿಲಿಗೆ ಬೀಗ ಹಾಕಿ ಬೀದಿಯ ತಿರುವಿನವರೆಗೂ ಹೋದೆವು. ಅಲ್ಲಿ ಇವರು ಗಡಿಯಾರ ನೋಡಿ ನಮ್ಮನ್ನು ಮೆಚ್ಚಿಕೊಂಡರು, ಆಮೇಲೆ ತಲೆ ಎಣಿಸಿದರು.

ನಡುವಿನವನು ನನ್ನ ಜೊತೆಗಿದ್ದಾನೆಂದು ಇವರು, ಇವರ ಜೊತೆಗಿದ್ದಾನೆಂದು ನಾನು. ಬೀಗ ತೆಗೆದರೆ, ಅಪ್ಪನ ಬೆಲ್ಟಿನಿಂದ ತನ್ನನ್ನು ಕುರ್ಚಿಗೆ ಬಿಗಿದುಕೊಂಡು, ತೊಡೆಯ ಮೇಲೆ ಚೀಲವಿಟ್ಟುಕೊಂಡು ಹಾಗೇ ಕೂತಿದ್ದ. ಅಳುತ್ತಿರಲಿಲ್ಲ. "ನನ್ನ ಯಾರೂ ಕರೀಲಿಲ್ಲ" ಎಂದ. ಎಲ್ಲರೂ ನಕ್ಕೆವು. ಅವನೂ ನಕ್ಕ.

ಈಗ ಎದ್ದು ನೋಡಿದರೆ, ತನ್ನ ಪುಟ್ಟ ಗಾಲಿ ಸೂಟ್‌ಕೇಸನ್ನು ಮುಂಬಾಗಿಲಿಗೆ ಅಡ್ಡ ಇಟ್ಟು, ಶೂ ಹಾಕಿಕೊಂಡು, ಅದರ ಮೇಲೆ ಕೂತಿದ್ದಾನೆ. "ಹೊರಡೋಕೆ ಇನ್ನೂ ಎರಡು ತಿಂಗಳಿದೆ ಕಣೋ" ಎಂದೆ. "ಗೊತ್ತು" ಎಂದ, ಏಳಲಿಲ್ಲ. ಹೊದಿಕೆ ಹೊದಿಸಿ ಬಂದು ಬರೆಯುತ್ತಿದ್ದೇನೆ. ಕೆಲಸದ ಹೊತ್ತಲ್ಲಿ ನೀನು ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಹಾಳೆಗಳ ಫೋಟೋ ಕಳಿಸುತ್ತೇನೆ. ಚಹಾ ಕುಡಿಯುವಾಗ ಓದು.

ಮೊಣಕಾಲಿಗೆ ಶಾಖ ಕೊಡುವುದನ್ನು ಬಿಡಬೇಡ.

ನಿನ್ನ ತಂಗಿ

ಇನ್ನೊಂದು ಮಾತು: ಇವರು ಎದ್ದ ಕೂಡಲೇ ಐದು ಟಿಕೆಟ್ ತೆಗೆಸುತ್ತಾರೆ. ಮಕ್ಕಳು ಮೂವರು, ನಾವು ಇಬ್ಬರೇ. "ನಿಮ್ಮ ಸಂಸಾರದ ಮಧ್ಯೆ ನಾನ್ಯಾಕೆ" ಅಂದಿದ್ದೆಯಲ್ಲ, ಆ ಮಾತು ಬಿಡು. ದೊಡ್ಡಮ್ಮನನ್ನೂ ಕರೆಯೋಣವಾ ಎಂದು ಈಗ ಬಾಗಿಲಲ್ಲಿ ಕೂತಿರುವವನನ್ನು ಕೇಳಿದೆ. "ಬಂದ್ರೆ ದೊಡ್ಡಮ್ಮ ನಂಗೊಬ್ಬನಿಗೇನಾ?" ಎಂದ. ಏನು ಹೇಳಲಿ? ಇವರು ಏಳುವ ಮೊದಲು, ಬೆಳಗಾಗುವ ಮೊದಲು, ದಯವಿಟ್ಟು ಒಂದು ಫೋನ್ ಮಾಡಕ್ಕಾ.