ಕಾವಿಗೆ ಕೂತ ಕೋಳಿಗೆ ಅರಿಶಿನದ ಸ್ನಾನ

ನೆರಳುಬೀದಿ, ಮಳವಳ್ಳಿ
ಮಾರ್ಲಾಮಿ ಅಮಾವಾಸ್ಯೆ, ಮೂರನೇ ಮುಂಗಾರಿನ ಒಂಬತ್ತನೇ ದಿನ, ಇಸವಿ 2196

ಚಿಕ್ಕತಾಯಮ್ಮನವರಿಗೆ, ನಿಮ್ಮ ಮರಿಮಗಳ ಮೊಮ್ಮಗಳು ದೇವೀರಮ್ಮ ಮಾಡುವ ನಮಸ್ಕಾರಗಳು.

ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ಬರುತ್ತವೆ, ಮೊದಲೇ ಕ್ಷಮೆ ಕೇಳುತ್ತೇನೆ. ಮೂರನೇ ಮುಂಗಾರು ಎಂದರೆ ಗಾಬರಿಯಾಗಬೇಡಿ. ಈಗ ಮಳೆ ವರ್ಷಕ್ಕೆ ನಾಲ್ಕು ಕಂತಿನಲ್ಲಿ ಬರುತ್ತದೆ, ನಾವು ಒಂದೊಂದಕ್ಕೂ ಒಂದು ನಂಬರು ಕೊಟ್ಟು ಸುಮ್ಮನಾಗಿದ್ದೇವೆ. ನೆರಳುಬೀದಿ ಎಂದರೆ ಈ ತುದಿಯಿಂದ ಆ ತುದಿಯವರೆಗೆ ಬಟ್ಟೆಯ ಚಪ್ಪರ ಎಳೆದು ಕಟ್ಟಿದ ಬೀದಿ. ಅದಿಲ್ಲದೆ ಹಗಲುಹೊತ್ತು ಹೊರಗೆ ಕಾಲಿಡುವಂತಿಲ್ಲ. ಮಾರ್ಲಾಮಿ ಹಬ್ಬ ಮಾತ್ರ ನಿಮ್ಮ ಕಾಲದ್ದೇ. ಹಿರಿಯರಿಗೆ ಎಡೆ ಇಡುವಾಗ ಬಾಳೆ ಎಲೆಯ ಕೆಳಗೆ ಒಂದು ಕಾಗದ ಬರೆದಿಡುವುದನ್ನು ನಾವು ಹೊಸದಾಗಿ ಸೇರಿಸಿಕೊಂಡಿದ್ದೇವೆ. ಕಾಗದ ತಲುಪುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಎಡೆ ತಲುಪುತ್ತದೆಂದು ನಂಬುವುದಾದರೆ ಕಾಗದವನ್ನೂ ನಂಬಬಹುದು.

ನನಗೆ ಅರವತ್ತನಾಲ್ಕು. ಅಡುಗೆ, ಹಿತ್ತಲು, ಕೋಳಿಯ ವಿಚಾರವನ್ನೆಲ್ಲ ನೀವು ಕೈಯಾರೆ ಬರೆದಿಟ್ಟ ಪುಸ್ತಕದ ಮೊದಲ ಹಾಳೆಯಲ್ಲಿ 2024 ಎಂದೂ ವಯಸ್ಸು ಐವತ್ತೆಂಟು ಎಂದೂ ಇದೆ. ಹಾಗೆ ನೋಡಿದರೆ ನಾನೇ ನಿಮಗಿಂತ ದೊಡ್ಡವಳು, ಆದರೂ ಅಜ್ಜಿ ನೀವೇ. ನಿಮ್ಮ ಕಂಕುಳಲ್ಲಿ ಈಗ ಕೂತಿರುವ ಎರಡು ವರ್ಷದ ಮೊಮ್ಮಗಳು ನನ್ನ ಮುತ್ತಜ್ಜಿ. ಅವಳ ಮೂಗು ಒರೆಸಿ, ಆಮೇಲೆ ಓದಿ.

ಮೊದಲು ಒಳ್ಳೆಯ ಸುದ್ದಿ. ನಿಮ್ಮ ಬೋಳುಕತ್ತಿನ ಕೋಳಿಗಳು ಇನ್ನೂ ಇವೆ. ನಿಮ್ಮ ಕಾಲದಲ್ಲಿ ಅವನ್ನು ನೋಡಿ ಅಕ್ಕಪಕ್ಕದವರು, ಇದೇನು ಅರ್ಧ ಪುಕ್ಕ ಕಿತ್ತ ಕೋಳಿಯ ಹಾಗಿದೆಯಲ್ಲ ಎಂದು ನಗುತ್ತಿದ್ದರಂತೆ. ಪುಸ್ತಕದಲ್ಲಿ ನೀವೇ ಸಿಟ್ಟಿನಿಂದ ಬರೆದುಕೊಂಡಿದ್ದೀರಿ. ನಕ್ಕವರ ಕೋಳಿಗಳೆಲ್ಲ ಬಿಸಿಲಿಗೆ ಹೋದವು. ಕತ್ತಿನಲ್ಲಿ ಪುಕ್ಕವಿಲ್ಲದ್ದರಿಂದ ನಿಮ್ಮವು ಸೆಕೆ ತಡೆದುಕೊಂಡು ಉಳಿದವು. ಈಗ ಮಳವಳ್ಳಿಯಲ್ಲಿ ನಾಟಿಕೋಳಿ ಎಂದರೆ ನಮ್ಮ ಮನೆಯದೊಂದೇ. ಬಾಗಿಲ ಮೇಲೆ ಊರಿನವರು ಹಾಕಿಸಿದ ಹಿತ್ತಾಳೆಯ ಫಲಕವಿದೆ: ‘ತಳಿಮನೆ’. ಒಂದು ತಳಿಯನ್ನು ಕೈಬಿಡದೆ ಕಾಪಾಡಿದ ಮನೆಗೆ ಮಾತ್ರ ಅದು ಸಿಗುತ್ತದೆ. ಆ ಫಲಕವಿದ್ದರೆ ಹಿತ್ತಲಿನಲ್ಲಿ ಬರಿಮಣ್ಣು ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ ಎಲ್ಲರ ಹಿತ್ತಲಿನ ಹಾಗೆ ನಮ್ಮದಕ್ಕೂ ಹಾಸುಗಲ್ಲು ಬೀಳುತ್ತದೆ. ಫಲಕವನ್ನು ದಿನಾ ಹುಣಸೆಹಣ್ಣು ಹಾಕಿ ಉಜ್ಜುವವಳು ನಾನು. ಬೀದಿಯವರು ನನ್ನನ್ನು ಬೆನ್ನ ಹಿಂದೆ ಜಂಬದ ಕೋಳಿ ಎನ್ನುತ್ತಾರೆ. ಎದುರಿಗೆ ಅಂದರೂ ನನಗೇನೂ ಬೇಜಾರಿಲ್ಲ.

ಜಂಬ ಪಡುವುದಕ್ಕೆ ಕಾರಣವೂ ಉಂಟು. ಉಳಿದ ಮನೆಗಳಲ್ಲಿ ಊಟ ತೂಬಿನಿಂದ ಬರುತ್ತದೆ. ನಿಮಗೆ ತೂಬು ಎಂದರೆ ಕೆರೆಯದು. ನಮಗೆ ಅದು ಅಡುಗೆಮನೆಯ ಗೋಡೆಯಲ್ಲಿರುವ ಒಂದು ಕಿಂಡಿ. ಊರ ದೊಡ್ಡ ಅಡುಗೆಮನೆಯಿಂದ ಹೊತ್ತು ಹೊತ್ತಿಗೆ ಅದರಲ್ಲಿ ಡಬ್ಬಿ ಬಂದು ಕೂರುತ್ತದೆ. ಬಿಸಿಯಾಗಿರುತ್ತದೆ, ಶುಚಿಯಾಗಿರುತ್ತದೆ, ಎಲ್ಲ ದಿನವೂ ಒಂದೇ ರುಚಿಯಾಗಿರುತ್ತದೆ. ನಮ್ಮ ಮನೆಯ ತೂಬಿನಲ್ಲಿ ನಾನು ಉಪ್ಪಿನಕಾಯಿ ಜಾಡಿ ಇಟ್ಟಿದ್ದೇನೆ. ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋದರೆ ನುಗ್ಗೆಸೊಪ್ಪು, ದಂಟು, ಚಪ್ಪರದ ಅವರೆ, ಗೂಡಿನ ಮೇಲೆ ಹಬ್ಬಿದ ಬಸಳೆ. ಕೋಳಿಗಳು ಕೆದಕದ ಹಾಗೆ ಸಸಿಗಳ ಸುತ್ತ ನೀವು ಹೇಳಿದಂತೆಯೇ ಮುಳ್ಳುಕಡ್ಡಿ ಚುಚ್ಚಿದ್ದೇನೆ. ಗೂಡಿನ ಗೊಬ್ಬರ ಒಂದು ಮಳೆ ಕಳೆದ ಮೇಲೆ ಬದನೆಗೆ, ಮೊಟ್ಟೆಚಿಪ್ಪಿನ ಪುಡಿ ಮೆಣಸಿನ ಗಿಡಕ್ಕೆ. ಬಸ್ಸಾರಿಗೆ ಹುರುಳಿಕಾಳು ಬಸಿಯುವಾಗ ಬೀದಿಯ ಮಕ್ಕಳು ನಮ್ಮ ಕಿಟಕಿಯ ಕೆಳಗೆ ಸಾಲಾಗಿ ನಿಲ್ಲುತ್ತಾರೆ. ಒಬ್ಬೊಬ್ಬರಿಗೂ ಒಂದು ಸಣ್ಣ ಮುದ್ದೆ ಕೊಡುತ್ತೇನೆ. ಪಾಪ, ಅವು ಅಗಿಯುತ್ತವೆ. ನುಂಗಬೇಕು ಎಂದು ಕಲಿಸುವುದರಲ್ಲೇ ನನ್ನ ಅರ್ಧ ದಿನ ಹೋಗುತ್ತದೆ.

ನನ್ನ ಸೊಸೆ ಮಾದೇವಿಯೂ ಮೊದಲ ದಿನ ಮುದ್ದೆ ಅಗಿದವಳೇ. ಕೊಳ್ಳೇಗಾಲದ ಕಡೆಯವಳು, ನಲವತ್ತನೇ ಮಹಡಿಯಲ್ಲಿ ಬೆಳೆದವಳು, ಮದುವೆಯಾಗಿ ಇಲ್ಲಿಗೆ ಬರುವವರೆಗೆ ಕೋಳಿಯನ್ನು ಕಣ್ಣಾರೆ ಕಂಡಿರಲಿಲ್ಲ. ಅವಳಿಗೆ ನಿಮ್ಮ ಪುಸ್ತಕವನ್ನು ತೋರಿಸಿದೆ, ಮುಟ್ಟಲು ಬಿಡಲಿಲ್ಲ. ಇನ್ನೂರು ಪುಟದ, ರೂಲು ಹಾಕಿದ ಆ ಪುಸ್ತಕ ನಮ್ಮ ಮನೆಯಲ್ಲಿ ದೇವರ ಪಕ್ಕ ಇರುತ್ತದೆ. ಅದರಲ್ಲಿ ಏನಿದೆಯೋ ಅದೇ ನಡೆಯಬೇಕು, ಅದರಲ್ಲಿ ಯಾರೂ ಒಂದಕ್ಷರ ಬರೆಯಬಾರದು, ಇದು ನನ್ನ ಅಜ್ಜಿ ಮಾಡಿದ ಕಟ್ಟಳೆ. ಉಪ್ಸಾರಿನ ಖಾರಕ್ಕೆ ಎಷ್ಟು ಮೆಣಸಿನಕಾಯಿ ಎನ್ನುವುದರಿಂದ ಹಿಡಿದು ಸಂಡಿಗೆ ಹಿಟ್ಟು ಎಷ್ಟು ಗಟ್ಟಿ ಎನ್ನುವವರೆಗೆ ನಾನು ಅದನ್ನು ಮೀರಿದವಳಲ್ಲ.

ಇನ್ನು ನನ್ನ ತಪ್ಪಿನ ಕಥೆ ಹೇಳಬೇಕು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

ನಿಮ್ಮ ಪುಸ್ತಕದ ನಲವತ್ತಮೂರನೇ ಪುಟದಲ್ಲಿ ಹೀಗಿದೆ: ‘ಕಾವಿಗೆ ಕೂತ ಕೋಳಿಯನ್ನು ಮೂರು ದಿನ ಬೆಳಿಗ್ಗೆ ತಣ್ಣೀರಿನಲ್ಲಿ ಅದ್ದಬೇಕು. ಹೊಟ್ಟೆ ಚೆನ್ನಾಗಿ ನೆನೆಯಬೇಕು.’ ಅಷ್ಟೇ, ಮುಂದೆ ಏನೂ ಇಲ್ಲ. ನನ್ನ ಅಜ್ಜಿಯ ಕಾಲದಲ್ಲಿ ಮೊಟ್ಟೆಗೆ ಕಾವು ಕೊಡುವ ಯಂತ್ರ ಬಂತು, ನಾವು ಅದನ್ನು ಕಾವುಪೆಟ್ಟಿಗೆ ಎನ್ನುತ್ತೇವೆ. ಅಂದಿನಿಂದ ಮರಿ ಮಾಡುವ ಕೆಲಸ ಪೆಟ್ಟಿಗೆಯದಾಯಿತು. ಕೋಳಿಗಳು ಮಾತ್ರ ತಮ್ಮ ಪಾಡಿಗೆ ಆಗಾಗ ಕಾವಿಗೆ ಕೂರುತ್ತಲೇ ಇದ್ದವು. ಆಗ ಅಜ್ಜಿ ಪುಸ್ತಕ ತೆಗೆದು ನೋಡಿದಳು. ತಾಯಿಯಾಗಲು ಹೊರಟ ಕೋಳಿಗೆ ಹಿರಿಯರು ಹೇಳಿದ ಮಡಿಸ್ನಾನ ಇದು ಎಂದು ತೀರ್ಮಾನಿಸಿದಳು. ಅಮ್ಮ ಅದಕ್ಕೆ ಅರಿಶಿನ ಸೇರಿಸಿದಳು. ನಾನು ಇನ್ನೂ ಮುಂದೆ ಹೋಗಿ ಹಿತ್ತಾಳೆಯ ಕೊಳಗ ತಂದೆ, ಬೀದಿಯ ಹೆಂಗಸರನ್ನು ಕರೆದು ಎಲೆ ಅಡಿಕೆ ಕೊಟ್ಟೆ. ‘ಕೋಳಿಯ ನೀರು’ ಎಂದು ಅದು ಹಬ್ಬವೇ ಆಯಿತು. ಪಕ್ಕದೂರುಗಳಿಂದ ಜನ ನೋಡಲು ಬರುತ್ತಿದ್ದರು. ನಲವತ್ತು ವರ್ಷ ನನ್ನ ಈ ಎರಡು ಕೈಗಳಿಂದ ಕೋಳಿಗಳನ್ನು ಅದ್ದಿದ್ದೇನೆ, ಅವು ಕೊಕ್ಕಿನಿಂದ ಕುಕ್ಕಿದ ಗುರುತು ಮೊಣಕೈವರೆಗೆ ಇದೆ.

ಮೂರು ವರ್ಷದ ಹಿಂದೆ ಕಾವುಪೆಟ್ಟಿಗೆ ನಿಂತುಹೋಯಿತು. ಅದರ ಬಿಡಿಭಾಗ ಈಗ ಯಾರೂ ಮಾಡುವುದಿಲ್ಲವಂತೆ. ಹೋಗಲಿ, ಕೋಳಿಯೇ ಇದೆಯಲ್ಲ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಒಂದು ಕೋಳಿ ಕಾವಿಗೆ ಕೂತಿತು. ಶಾಸ್ತ್ರೋಕ್ತವಾಗಿ ಮೂರು ದಿನ ನೀರು ಹಾಕಿ, ಮೊಟ್ಟೆಗಳಿಗೆ ಇದ್ದಿಲಿನ ಗುರುತಿಟ್ಟು ಅದರ ಕೆಳಗೆ ಜೋಡಿಸಿದೆ. ಅದು ಮೈ ಕೊಡವಿಕೊಂಡು ಎದ್ದು ಹುಳ ಹುಡುಕಲು ಹೋಯಿತು. ಇನ್ನೊಂದಕ್ಕೂ ಹಾಗೇ ಆಯಿತು. ಮರುವರ್ಷವೂ ಹಾಗೇ ಆಯಿತು. ಸ್ನಾನ ಸಾಲದಾಯಿತೇನೋ ಎಂದು ಮೂರು ದಿನ ಇದ್ದದ್ದನ್ನು ಐದು ದಿನ ಮಾಡಿದೆ. ನನ್ನ ಬುದ್ಧಿಯನ್ನು ನೋಡಿ, ಅಜ್ಜಿ. ಮುದಿಕೋಳಿಗಳು ಒಂದೊಂದಾಗಿ ಸತ್ತವು, ಒಂದನ್ನು ಮುಂಗುಸಿ ಹಿಡಿಯಿತು. ಈ ವರ್ಷದ ಹೊತ್ತಿಗೆ ಉಳಿದದ್ದು ಒಂದು ಹುಂಜ ಮತ್ತು ಕೆಂಪಿ ಎನ್ನುವ ಒಂದೇ ಒಂದು ಹೇಂಟೆ. ಮೂರು ವರ್ಷ ಮನೆಯಲ್ಲಿ ಮರಿ ಹುಟ್ಟದಿದ್ದರೆ ಫಲಕ ಇಳಿಸುವುದು ಊರಿನ ನಿಯಮ, ಆ ಗಡುವು ಈ ಮಾರ್ಲಾಮಿಗೆ ಮುಗಿಯುತ್ತಿತ್ತು. ಫಲಕ ಹೋದರೆ ಹಿತ್ತಲು ಹೋಯಿತು, ಹಿತ್ತಲು ಹೋದರೆ ಕೆಂಪಿ ಹೋಯಿತು, ಅಲ್ಲಿಗೆ ನೀವು ಶುರು ಮಾಡಿದ್ದೆಲ್ಲ ಮುಗಿಯಿತು.

ಮಾದೇವಿ ಆ ಎರಡು ವರ್ಷವೂ ಸುಮ್ಮನೆ ನೋಡುತ್ತಿದ್ದಳು. ಅವಳಿಗೆ ಪುಸ್ತಕ ಮುಟ್ಟುವ ಹಕ್ಕಿರಲಿಲ್ಲವಲ್ಲ, ಹಾಗಾಗಿ ಅವಳು ಕೋಳಿಯನ್ನೇ ನೋಡಿಕೊಂಡು ಕೂತಳು. ಕಳೆದ ತಿಂಗಳು ಕೆಂಪಿ ಕಾವಿಗೆ ಕೂತಾಗ ನಾನು ಕೊಳಗ ತೊಳೆಯುತ್ತಿದ್ದೆ. ಅವಳು ಬಾಗಿಲಿಗೆ ಅಡ್ಡ ನಿಂತು, ಮದುವೆಯಾಗಿ ಬಂದ ಮೇಲೆ ಮೊದಲ ಸಲ ನನಗೆ ಎದುರು ಮಾತಾಡಿದಳು.

“ಕೂತಿರೋ ಕೋಳಿ ಹೊಟ್ಟೆ ಮುಟ್ ನೋಡಿ ಅತ್ತೆ, ಒಲೆ ಇದ್ದಂಗದೆ. ನೀವು ತಣ್ಣೀರಲ್ಲಿ ಅದ್ದಿ ಆರಿಸ್ತೀರ. ಆರ್‌ಹೋದ ಒಲೆ ಮ್ಯಾಲೆ ಅನ್ನ ಬೆಂದದಾ?”

ಮುದ್ದೆ ನುಂಗಲು ಬಾರದವಳು ನನಗೆ ಕೋಳಿಯ ಪಾಠ ಹೇಳಲು ಬಂದಳಲ್ಲ ಎಂದು ಮೈಯೆಲ್ಲ ಉರಿಯಿತು. ಪುಸ್ತಕದಲ್ಲಿ ಬರೆದಿದೆ ಎಂದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು ನಾನು, ನಿಮಗೆ ಗೊತ್ತಾಗಿರಬೇಕು ಇಷ್ಟು ಹೊತ್ತಿಗೆ. ಅವಳು ದಾರಿ ಬಿಟ್ಟು ಹಿತ್ತಲಿಗೆ ಹೋದಳು. ಮಾರನೇ ಬೆಳಿಗ್ಗೆ ನೀರು ಹಾಕಲು ಹೋದರೆ ಗೂಡಿನಲ್ಲಿ ಕೆಂಪಿ ಇಲ್ಲ. ಕೇಳಿದ್ದಕ್ಕೆ, ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದಳು. ಮುಂಗುಸಿಯ ಪಾಲಾಯಿತು ಎಂದುಕೊಂಡೆ. ಆ ದಿನ ಒಲೆ ಹಚ್ಚಲಿಲ್ಲ. ತೂಬಿನಿಂದ ಜಾಡಿ ಎತ್ತಿಟ್ಟು, ಅಲ್ಲಿ ಬಂದ ಡಬ್ಬಿಯನ್ನು ತೆಗೆದು ಉಂಡೆ; ನನ್ನ ಬದುಕಿನಲ್ಲಿ ಅದೇ ಮೊದಲು. ಫಲಕ ಉಜ್ಜುವುದನ್ನೂ ಬಿಟ್ಟೆ. ಎಷ್ಟು ಅತ್ತೆನೆಂದು ನಾನೇ ಹೇಳಬೇಕೇ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಬಸಳೆ ಕುಯ್ಯಲು ಹೋದಾಗ ಅವರೆ ಚಪ್ಪರದ ಹಿಂದೆ ಚಿಂವ್ ಎಂದಿತು. ನನ್ನ ಕಿವಿಯೇ ಕೆಟ್ಟಿತೆಂದುಕೊಂಡೆ. ಬಳ್ಳಿ ಸರಿಸಿ ನೋಡಿದರೆ ಅಡ್ಡ ಮಲಗಿಸಿದ ಹಳೆಯ ಅಕ್ಕಿ ಡ್ರಮ್ಮು, ಒಳಗೆ ಬೂದಿ ಮತ್ತು ಹುಲ್ಲಿನ ಮೇಲೆ ಕೆಂಪಿ, ಅದರ ರೆಕ್ಕೆಯ ಸಂದಿಯಿಂದ ಒಂದು ಪುಟ್ಟ ಬೋಳು ಕತ್ತು. ಹನ್ನೊಂದು ಮೊಟ್ಟೆಯಲ್ಲಿ ಒಂಬತ್ತು ಮರಿಯಾಗಿವೆ. ಮಾದೇವಿ ದಿನಾ ನನ್ನ ಕಣ್ಣು ತಪ್ಪಿಸಿ ಅದಕ್ಕೆ ರಾಗಿ, ನೀರು ಕೊಟ್ಟಿದ್ದಾಳೆ. ನಾನು ಅಳುವುದನ್ನು ನೋಡಿಯೂ ಬಾಯಿ ಬಿಟ್ಟಿಲ್ಲ. ಹೇಳಿದ್ದರೆ ಕೊಳಗ ಹಿಡಿದು ಓಡುತ್ತಿದ್ದೆ, ಅವಳು ನನ್ನನ್ನು ಸರಿಯಾಗಿಯೇ ತಿಳಿದುಕೊಂಡಿದ್ದಾಳೆ. ಹಿಂದೆ ಬಂದು ನಿಂತವಳು, “ಸುಳ್ಳು ಹೇಳ್ಬುಟ್ಟೆ, ತಪ್ಪಾಯ್ತು ಅತ್ತೆ,” ಎಂದಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳ ಮೊಣಕೈವರೆಗೂ ಕುಕ್ಕಿದ ಗುರುತುಗಳಿದ್ದವು.

ಆ ದಿನ ಪುಸ್ತಕವನ್ನು ಮತ್ತೆ ಬಿಡಿಸಿದೆ. ನಲವತ್ತಮೂರನೇ ಪುಟದ ಎದುರಿನ ಪುಟದಲ್ಲಿ, ‘ಕೂಸಿಗೆ ದಿನಾ ಒಂದು ನಾಟಿ ಮೊಟ್ಟೆ, ತಪ್ಪಿಸಬಾರದು’ ಎಂದು ನೀವು ಬರೆದಿದ್ದೀರಿ. ನೂರು ಸಲ ಓದಿದ ಸಾಲು ಅದು. ಎರಡು ಪುಟವನ್ನು ಒಟ್ಟಿಗೆ ಓದಲು ನಮಗೆ ಯಾರಿಗೂ ಹೊಳೆದಿರಲಿಲ್ಲ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ. ಕೂಸಿಗೆ ಮೊಟ್ಟೆ ತಪ್ಪಬಾರದೆಂದು ನೀವು ಅದರ ಹೊಟ್ಟೆ ತಣ್ಣಗೆ ಮಾಡಿ ಏಳಿಸುತ್ತಿದ್ದಿರಿ. ಅದು ಕಾವು ಬಿಡಿಸುವ ಉಪಾಯ. ನಾವು ಅದಕ್ಕೆ ಅರಿಶಿನ ಕಲಸಿ, ಎಲೆ ಅಡಿಕೆ ಹಂಚಿ, ಮರಿ ಬರಲೆಂದು ಹರಸಿದೆವು. ನಿಮ್ಮ ಕಾಲದಲ್ಲಿ ಇದು ಬೀದಿಯ ಮಕ್ಕಳಿಗೂ ಗೊತ್ತಿದ್ದ ವಿಷಯವಿರಬೇಕು, ಅದಕ್ಕೇ ನೀವು ಕಾರಣ ಬರೆಯಲಿಲ್ಲ. ಒಲೆಯ ಮೇಲೆ ಪಾತ್ರೆ ಇಟ್ಟ ಮೇಲೆ ನೀರು ಹಾಕಿ ಎಂದು ಯಾರು ಬರೆಯುತ್ತಾರೆ, ನಿಮ್ಮ ತಪ್ಪಲ್ಲ. ಆದರೂ ಅಜ್ಜಿ, ನಿಮ್ಮ ಹತ್ತಿರ ಪೆನ್ನಿದೆ, ಪುಟದಲ್ಲಿ ಜಾಗವೂ ಇದೆ. ಏನು ಮಾಡಬೇಕೆಂದು ಮಾತ್ರ ಬರೆಯಬೇಡಿ, ಯಾಕೆ ಎಂದೂ ಬರೆಯಿರಿ. ನಿಮ್ಮ ಮೇಲೆ ನಮಗಿರುವ ಭಕ್ತಿ ದೊಡ್ಡದು. ಅಷ್ಟು ಭಕ್ತಿಯಿರುವವರ ಕೈಗೆ ಅರ್ಧ ಮಾತು ಕೊಡಬಾರದು.

ಈ ಸಲ ನಿಮ್ಮ ಎಡೆಗೆ ಕೋಳಿಸಾರು ಇಲ್ಲ, ಬೇಯಿಸಿದ ಮೊಟ್ಟೆಯೂ ಇಲ್ಲ. ಕಾರಣ ನಿಮಗೀಗ ಗೊತ್ತು. ಮುದ್ದೆ, ನುಗ್ಗೆಸೊಪ್ಪಿನ ಉಪ್ಸಾರು, ಹೆಸರುಕಾಳಿನ ಪಾಯಸ ಇಟ್ಟಿದ್ದೇನೆ. ಫಲಕ ನೋಡಲು ಬಂದವರು ಮರಿಗಳನ್ನು ಎಣಿಸಿ, ಅದನ್ನು ಇದ್ದಲ್ಲೇ ಬಿಟ್ಟು ಹೋದರು. ಹೋಗುವಾಗ ಒಬ್ಬೊಬ್ಬರೂ ಎರಡೆರಡು ಮುದ್ದೆ ಉಂಡರು. ಈಗ ಫಲಕ ಮತ್ತೆ ಹೊಳೆಯುತ್ತಿದೆ.

ಇಷ್ಟು ಬರೆದು, ನೀವು ನನ್ನ ಮಾತು ಕೇಳಿ ಆ ಸಾಲು ಬರೆದಿರಬಹುದೇ ಎಂದು ಎದ್ದು ಹೋಗಿ ಪುಸ್ತಕ ನೋಡಿ ಬಂದೆ. ಪುಟ ಹಾಗೇ ಖಾಲಿ ಇದೆ. ಎಡೆ ಇನ್ನೂ ಇಟ್ಟಿಲ್ಲವಲ್ಲ, ಕಾಗದ ತಲುಪುವುದಾದರೂ ಹೇಗೆ. ಆದರೆ ಇನ್ನೊಂದು ನೂರ ಎಪ್ಪತ್ತು ವರ್ಷ ಕಾಯುವ ತಾಳ್ಮೆ ನನಗಿಲ್ಲ. ಮಾದೇವಿಯನ್ನು ಕರೆದು, ಪುಸ್ತಕವನ್ನು ಅವಳ ಮಡಿಲಲ್ಲಿಟ್ಟು, ಪೆನ್ನು ಕೊಟ್ಟೆ. ನಿಮ್ಮ ಸಾಲಿನ ಕೆಳಗೆ ಅವಳು ಬರೆದದ್ದು ಇದು: ‘ಇದು ಕೋಳಿ ಏಳಲಿ ಅಂತ. ಮರಿ ಬೇಕಾದರೆ ಮುಟ್ಟಬೇಡಿ, ಅದಕ್ಕೆ ಗೊತ್ತು.’ ಅಕ್ಷರ ನಿಮ್ಮದರಷ್ಟು ದುಂಡಗಿಲ್ಲ, ಸ್ವಲ್ಪ ಎಡಕ್ಕೆ ವಾಲಿದೆ. ಕೆಳಗೆ ಹೆಸರು ಹಾಕು ಎಂದೆ. ಬೇಡ ಅತ್ತೆ ಎಂದಳು. ಹಾಕಿಸಿದೆ.