ನಂದಿತಾಳ ಲಂಗದ ಅಂಚು

ಅತ್ತಿಗೆ ಸ್ವರ್ಣಲತಾಗೆ,

ಕಡಬದಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ಗೊತ್ತು. ನಿನ್ನ ಮೇಲಿನ ಹೊಟ್ಟೆಕಿಚ್ಚೊಂದನ್ನು ಬಿಟ್ಟರೆ ಕುವೈತಿನಲ್ಲಿ ನಾನೂ ಕ್ಷೇಮ. ಫೋನಿನಲ್ಲಿ ಹೇಳೋಣವೆಂದರೆ ನನ್ನ ಮಗಳು ಸದಾ ನಿನ್ನ ಸೆರಗಿಗೇ ಅಂಟಿಕೊಂಡಿರುತ್ತಾಳೆ. ಅದಕ್ಕೇ ಊರಿಗೆ ಹೊರಟಿರುವ ಹುಲಿಯೂರುದುರ್ಗದ ರೇವಮ್ಮನ ಕೈಯಲ್ಲಿ ಈ ಕಾಗದ.

ನಂದಿತಾ ತಾನು ದೊಡ್ಡವಳಾದದ್ದನ್ನು ಮೊದಲು ಹೇಳಿದ್ದು ನಿನಗೆ. ನನಗೆ ತಿಳಿದದ್ದು ಮೂರನೇ ದಿನ. ಸೋದರಮಾವನಾಗಿ ಅಣ್ಣ ತೆಂಗಿನ ಗರಿಯ ಗುಡ್ಲು ಹಾಕಿದ. ನೀನು ಎಳ್ಳು ಬೆಲ್ಲ ಹಾಕಿ ಚಿಗಳಿ ಕುಟ್ಟಿದೆ, ನೀನೇ ಆರತಿ ಎತ್ತಿದೆ. ಯಾರದೋ ಅಡುಗೆಮನೆಯಲ್ಲಿ ಅಕ್ಕಿ ಡಬ್ಬಕ್ಕೆ ಮೊಬೈಲು ಒರಗಿಸಿಕೊಂಡು ನಾನು ನೋಡಿದೆ. ಹೆತ್ತವಳು ನಾನು, ಮುಂದೆ ನಿಂತವಳು ನೀನು. ಹೊಟ್ಟೆ ಉರಿಯದೆ ಇರುತ್ತದೆಯೇ?

ನಿನಗೆ ಗೊತ್ತಿಲ್ಲದ್ದು ಒಂದಿದೆ. ಮೊದಲು ಕೆಲಸಕ್ಕಿದ್ದ ಮನೆಯವರು ಪಾಸ್‌ಪೋರ್ಟ್ ಕಿತ್ತಿಟ್ಟುಕೊಂಡರು. ಹೊಡೆತ ತಾಳಲಾರದೆ ಓಡಿಬಂದೆ. ಅಂದಿನಿಂದ ನನ್ನ ಹತ್ತಿರ ಯಾವ ಕಾಗದವೂ ಇಲ್ಲ. ಬಸ್ಸಿನಲ್ಲಿ ಪೊಲೀಸರು ಕೇಳಿಯಾರೆಂದು ಕೆಲಸಕ್ಕೆ ನಡೆದೇ ಹೋಗುತ್ತೇನೆ. ಜ್ವರ ಬಂದರೆ ಆಸ್ಪತ್ರೆಯಿಲ್ಲ, ಮೆಣಸಿನ ಕಷಾಯವೇ ಗತಿ. ಅಣ್ಣ ಕೊರಗುತ್ತಾನೆಂದು ‘ರಜಾ ಕೊಡ್ತಿಲ್ಲ ಕಣಣ್ಣ’ ಎಂದು ಏಳು ವರ್ಷ ಸುಳ್ಳು ಹೇಳಿದೆ.

ಅವಳಪ್ಪ ಬಿಟ್ಟುಹೋದ ಮೇಲೆ ನಾನು ಹೊರಟಾಗ ನಂದಿತಾಗೆ ಆರು ವರ್ಷ. ಸೊಂಟದಿಂದ ಪಾದದವರೆಗೆ ದಾರದಲ್ಲಿ ಅಳೆದು, ಗಂಟು ಹಾಕಿ ತಂದಿದ್ದೆ. ವರ್ಷಕ್ಕೊಂದು ಬೆರಳು ಸೇರಿಸುತ್ತಾ ಬಂದೆ. ಆ ಲೆಕ್ಕದಲ್ಲೇ ಕೈಯಲ್ಲಿ ಲಂಗ ಹೊಲಿದು, ಗುಬ್ಬಿಯವರೊಬ್ಬರ ಜೊತೆ ಕಳಿಸಿದೆ. ಫೋನಿನಲ್ಲಿ ಮುಖ ಕಾಣುತ್ತದೆ, ಎತ್ತರ ಎಲ್ಲಿ ಕಾಣುತ್ತದೆ?

ಆರತಿಯ ದಿನ ಅವಳು ಎದ್ದು ನಿಂತಳು. ‘ಅಮ್ಮ, ಸರಿಯಾಗ್ ಆಗೈತೆ ಕಣಮ್ಮ, ಅಳತೆ ನಿಂಗ್ ಹೆಂಗ್ ಗೊತ್ತಾಯ್ತು?’ ಅಂದಳು. ಲಂಗದ ಕೆಳಗೆ ಗೇಣುದ್ದ ಮಾವಿನಕಾಯಿ ಅಂಚು. ನಾನು ಹೊಲಿದದ್ದಲ್ಲ. ನಿನ್ನ ಧಾರೆ ಸೀರೆಯದು. ಅವತ್ತು ಆ ಸೀರೆಗೆ ನೆರಿಗೆ ಹಿಡಿದವಳೇ ನಾನು, ಮರೆಯುತ್ತೇನೆಯೇ? ನೀನು ಪಕ್ಕದಲ್ಲಿ ಆರತಿ ತಟ್ಟೆಯ ಬತ್ತಿ ಸರಿಮಾಡುತ್ತಿದ್ದೆ.

ನಾನು ಕಳಿಸಿದ ಲಂಗಕ್ಕೂ ಇವಳು ಕೈ ಹಾಕಿದಳಲ್ಲ ಎಂದು ಮೊದಲು ಸಿಟ್ಟೇ ಬಂತು. ಆಮೇಲೆ ಹೊಳೆಯಿತು: ನನ್ನ ಅಳತೆ ಗೇಣು ಕಮ್ಮಿ ಬಿದ್ದಿತ್ತು, ಅದು ಮಗಳಿಗೆ ತಿಳಿಯದಂತೆ ನೀನು ನಿನ್ನ ಧಾರೆ ಸೀರೆಯನ್ನೇ ಕತ್ತರಿಸಿದ್ದೆ.

ರಾಯಭಾರ ಕಚೇರಿಯಲ್ಲಿ ನಾನೂ ಹೆಸರು ಬರೆಸಿದ್ದೇನೆ. ನನ್ನಂತೆ ಕಾಗದಪತ್ರ ಇಲ್ಲದವರನ್ನು ಊರಿಗೆ ಕಳಿಸುತ್ತಾರಂತೆ, ಮತ್ತೆ ಇಲ್ಲಿಗೆ ಬರುವಂತಿಲ್ಲ. ನನ್ನನ್ನು ಕಂಡು ನಂದಿತಾ ನಿನ್ನ ಹಿಂದೆ ಅವಿತುಕೊಂಡರೆ ಮುಂದಕ್ಕೆ ತಳ್ಳಬೇಡ. ನಾನು ಕಾಯುತ್ತೇನೆ.

ಲಂಗ ಚಿಕ್ಕದಾದರೂ ಆ ಅಂಚು ಬಿಚ್ಚಬೇಡ ಅತ್ತಿಗೆ. ಅದು ಯಾರದೆಂದು ಅವಳಿಗೆ ನಾನೇ ಹೇಳಬೇಕು.

ನನ್ನ ಹೊಟ್ಟೆ ಉರಿದರೂ ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ನಾದಿನಿ,
ಪ್ರಮೀಳಾ