ಕಂಡಕ್ಟರನ ಹೆಂಡತಿ

ಇಂಡಿ
ಫೆಬ್ರವರಿ ೯, ೨೦೨೫

ಚಿರಂಜೀವಿ ಭಾಗ್ಯಾಳಿಗೆ,

ಅಪ್ಪನ ಆಶೀರ್ವಾದ. ಅಳಿಯ ಹಣಮಂತ್ರಾಯನಿಗೂ ಮೊಮ್ಮಗಳು ಮಾಲಾಳಿಗೂ ಸೇರಿಸಿ ಇಲ್ಲಿಂದಲೇ ಕೈ ಎತ್ತಿದ್ದೇನೆ, ಮುದ್ದೇಬಿಹಾಳದವರೆಗೆ ಮುಟ್ಟಲಿ. ನಾನು ಆರಾಮ. ಕಾಗದ ಬರೆಯಲು ತಡವಾಯಿತು. ಯಾಕೆಂದು ನಿನಗೂ ಗೊತ್ತು.

ತೀರಿಕೊಂಡ ನಿನ್ನ ಅವ್ವನ ದಿನಕಾರ್ಯದ ದಿವಸ, ಬೀಗರು ಬಿಜ್ಜರೆಲ್ಲ ಊಟಕ್ಕೆ ಕುಳಿತಿದ್ದಾಗ, ನೀನು ಕೇಳಿದೆ: "ಅಪ್ಪಾ, ಸ್ಟೇಜಿನ ಮ್ಯಾಲ ಯಾರ್ಯಾರ ಹೆಂಡ್ತಿ ಸತ್ರೂ ಅಷ್ಟ್ ಅಳ್ತಿ. ನಮ್ಮವ್ವ ಹೋದ್ರ ಒಂದ್ ಹನಿ ಬರಲಿಲ್ಲಲ್ಲ. ಬಣ್ಣ ಹಚ್ಚಿ, ನೋಡಾಕ ಮಂದಿ ಕೂಡಿದ್ರಷ್ಟ ಅಳು ಬರತೈತೇನು ನಿನಗ?"

ಇಂಡಿ, ಸಿಂದಗಿ ಸೀಮೆಯ ಹಳ್ಳಿಹಳ್ಳಿಗೂ ನಾಟಕ ಕಲಿಸಿದ ಮಾಳಿಂಗಪ್ಪ ಮಾಸ್ತರನಿಗೇ ಪಾರ್ಟಿನ ಮಾತು ಮರೆತಂತಾಯಿತು. ಪರದೆಯ ಬದಿಯಿಂದ ಸಾಲು ಎತ್ತಿಕೊಡುವವರೂ ಇರಲಿಲ್ಲ. ಅವತ್ತಿನಿಂದ ನೀನು ನನ್ನ ಫೋನ್ ಎತ್ತಿಲ್ಲ. ಅದಕ್ಕೇ ಈ ಕಾಗದ.

ಇರಲಿ. ಈಗ ಸುದ್ದಿ. ಎಳೆಯಿರಿ ಪರದೆ, ಬಾರಿಸಿರಿ ತಬಲಾ! ನಿನ್ನ ಅಪ್ಪ ವಿಶ್ವವಿದ್ಯಾಲಯ ಸೇರಿದ್ದಾನೆ!

ನಗಬೇಡ. ವಿಜಯಪುರದ ಮನಶ್ಶಾಸ್ತ್ರ ವಿಭಾಗ. ಮನಸ್ಸು ಕೆಟ್ಟವರನ್ನು ಎದುರಿಗೆ ಕೂರಿಸಿಕೊಂಡು ಮಾತಾಡಿಸುವುದು ಹೇಗೆಂದು ಅಲ್ಲಿ ಕಲಿಸುತ್ತಾರೆ. ಕಲಿಯುವ ಹುಡುಗರ ಕೈಗೆ ನಿಜವಾದ ದುಃಖದವರನ್ನು ಕೊಡಲಾಗದು. ಅದಕ್ಕೆ ಸುಳ್ಳು ದುಃಖದವನೊಬ್ಬ ಬೇಕು. ವಿಭಾಗದ ಮುಖ್ಯಸ್ಥೆ ಮುಕ್ತಾ ಮೇಡಂ ಇಂಡಿಯವರೇ; ಫ್ರಾಕ್ ಹಾಕುವ ವಯಸ್ಸಿನಲ್ಲಿ ನನ್ನ ನಾಟಕ ನೋಡಿದವರು. ನಮ್ಮ ತಾಲೀಮಿನ ಜಾಗಕ್ಕೇ ಹುಡುಕಿಕೊಂಡು ಬಂದರು.

"ಮಾಸ್ತರ, ನಮ್ಮ ಹುಡುಗ್ರು ಒಬ್ಬರ ಮುಂದ ಒಬ್ಬರು ದುಃಖ ಹೇಳ್ಕೊಳಾಕ ಕುಂತ್ರ ಕಿಸಕ್ಕಂತ ನಗ್ತಾರ. ನೀವು ಬರ್ರಿ."

"ಪಾರ್ಟ್ ಯಾವುದ್ರಿ?"

"ನಿದ್ದಿ ಬರಲಾರದ ಮನಷ್ಯಾ."

"ಮಹಾರಾಜನೇನ್ರಿ?"

"ಅಲ್ರೀ, ರಿಟೈರಾದ ಬಸ್ ಕಂಡಕ್ಟರ್!"

ಅಲ್ಲೇ ನಿಂತು ಬಾಯಿಂದಲೇ ಪಾರ್ಟ್ ಹೇಳಿದರು. ಸಿಂದಗಿಯ ಕಂಡಕ್ಟರ್. ಮನೆಯಲ್ಲಿ ಜಗಳವಿಲ್ಲ. ಹೆಂಡತಿ ಹೊತ್ತಿಗೆ ಸರಿಯಾಗಿ ರೊಟ್ಟಿ ಬಡಿದು ಹಾಕುತ್ತಾಳೆ. ಕೆಲಸ ಬಿಟ್ಟ ಮೇಲೆ ಹೊತ್ತು ಹೋಗದು, ನಿದ್ದೆ ಬಾರದು. ಅಷ್ಟೇ. ರಾಜ್ಯವಿಲ್ಲ, ಯುದ್ಧವಿಲ್ಲ, ಹಾಡು ಕೂಡ ಇಲ್ಲ. ಆದರೂ ಒಪ್ಪಿದೆ. ಮನೆಯ ಸುದ್ದಿ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬಣ್ಣದ ಕೋಣೆಗೆ ಮನೆಯ ಮಾತು ತರಬಾರದೆಂಬುದು ನಾಟಕ ಕಂಪನಿಯ ಕಟ್ಟುಪಾಡು.

ಮೊದಲ ದಿನ ಒಳಗೆ ಹೋದವನೇ ಎದೆ ಬಡಿದುಕೊಂಡು, "ಎಲೈ ನಿದ್ರೆಯೇ! ಈ ಪಾಪಿಯ ಕಣ್ಣುಗಳೇನು ನಿನಗೆ ವೈರಿಗಳೇ!" ಎಂದು ಎತ್ತಿದೆ ನೋಡು, ಪಕ್ಕದ ಕ್ಲಾಸಿನ ಹುಡುಗರು ಎದ್ದು ಓಡಿ ಬಂದರು. ಜವಾನ ಯಂಕಪ್ಪ ನೀರಿನ ತಂಬಿಗೆ ಹಿಡಿದು ನಿಂತಿದ್ದ.

ಮೇಡಂ ಹಣೆ ಹಿಡಿದುಕೊಂಡರು. "ಮಾಸ್ತರ, ನಿಮ್ಮ ಮುಂದ ಕುಂತಾಕಿ ಒಬ್ಬಾಕಿ. ಕಡೀ ಸಾಲಿನ ಮಂದಿಗೆ ಯಾಕ ಕೇಳಸ್ತೀರಿ?"

"ಕಡೀ ಸಾಲಿನಂವಾ ಪುಕ್ಕಟ ಬಂದಿರ್ತಾನೇನ್ರಿ?" ಎಂದೆ.

ನನ್ನ ತಪ್ಪಲ್ಲ. ಕಂಪನಿಯಲ್ಲಿ ಕಲಿಸಿದ್ದೇ ಹಾಗೆ. ಕಣ್ಣು ಅಳಲಿ, ಭುಜ ಅಳಲಿ, ಗಂಟಲು ಮಾತ್ರ ಅಳಬಾರದು. ಗಂಟಲು ಕಟ್ಟಿದರೆ ಮಾತು ಮಂದಿಗೆ ಮುಟ್ಟುವುದಿಲ್ಲ. ಮಾತು ಮುಟ್ಟದ ನಟ ಮನೆಗೆ ಹೋಗಬೇಕು. ಹುಡುಗನಾಗಿದ್ದಾಗಿನಿಂದ ಗಂಟಲನ್ನು ಹಾಗೆ ಪಳಗಿಸಿದ್ದೇನೆ. ಅದು ಈಗ ಹೇಳಿದರೂ ಕೇಳುವುದಿಲ್ಲ.

ಪ್ರತಿ ಗುರುವಾರ ಇಂಡಿಯಿಂದ ವಿಜಯಪುರದ ಬಸ್ಸು ಹಿಡಿದು ಹೋಗುತ್ತಿದ್ದೆ. ಮೇಡಂ "ಸಣ್ಣಗ್ರಿ, ಇನ್ನೂ ಸಣ್ಣಗ" ಎನ್ನುತ್ತಿದ್ದರು. ನಾನು ಇಳಿಸಿ ಇಳಿಸಿ ಸಂತೆಯ ದನಿಗೆ ಬಂದು ನಿಂತೆ, ಅದಕ್ಕಿಂತ ಕೆಳಗೆ ಇಳಿಯಲಿಲ್ಲ. ಹುಡುಗರು ನನ್ನ ಮುಂದೆ ಕುಳಿತು ಬೆವರಿದರು. ಬಸವನ ಬಾಗೇವಾಡಿಯ ಜಾಹಿದ ಎಂಬುವನಂತೂ ನನಗೇ ಸಮಾಧಾನ ಹೇಳಲು ಹೋಗಿ, "ಅಜ್ಜಾರ, ನಿಮ್ಮ ದನಿ ಕೇಳಿ ನನ್ನ ನಿದ್ದಿ ಹೋಗೇತ್ರಿ" ಎಂದ.

ಪರೀಕ್ಷೆ ಬಂತು. ವಿಡಿಯೋ ಹಿಡಿಯಲು ಕ್ಯಾಮೆರಾ ಇಟ್ಟಿದ್ದರು. ಸಿಂದಗಿಯ ಸುನೀತಾ ಎಂಬ ಹುಡುಗಿ ಬಂದು ಕುಳಿತಳು. ಮಿತಮಾತಿನವಳು. ನಿದ್ದೆಯ ಬಗ್ಗೆ ಕೇಳಿದಳು, ಹೇಳಿದೆ. ಕೆಲಸದ ಬಗ್ಗೆ ಕೇಳಿದಳು, ಹೇಳಿದೆ. ಆಮೇಲೆ, "ಅಜ್ಜಾರ, ಸಂಜೀಕ ಉಣ್ಣಾಕ ಹೆಂಗ ಕುಂದರ್ತೀರಿ?" ಎಂದು ಕೇಳಿದಳು. ಸಾದಾ ಪ್ರಶ್ನೆ. ಉತ್ತರ ನಾಲಿಗೆಯ ಮೇಲೇ ಇತ್ತು: ಹೆಂಡತಿ ರೊಟ್ಟಿ ಹಾಕುತ್ತಾಳೆ. ಬರಲಿಲ್ಲ. ಬೇರೆ ಹುಡುಗರಾಗಿದ್ದರೆ ಗಾಬರಿಯಾಗಿ ಮುಂದಿನ ಪ್ರಶ್ನೆಗೆ ಹಾರುತ್ತಿದ್ದರು. ಈಕೆ ಸುಮ್ಮನೆ ಕಾದಳು. ಏನೋ ಎರಡು ಮಾತು ಅಂದೆ. ದನಿ ನನ್ನದೆಂದು ನನಗೇ ಗುರುತಾಗಲಿಲ್ಲ. ಆಮೇಲೆ ಟವೆಲ್ ಮುಖಕ್ಕೆ ಒತ್ತಿಕೊಂಡೆ.

ಚಪ್ಪಾಳೆ! ಮೇಡಂ ಎದ್ದು ನಿಂತು, "ಇದು ನೋಡ್ರಿ ನಟನೆ! ಇಷ್ಟ ದಿನಾ ಬಡಕೊಂಡೆ, ಕಡೀಕ ಇವತ್ತ ಬಂತು!" ಎಂದರು. ನಾನು ರೂಢಿಯಂತೆ ಬಗ್ಗಿ ನಮಸ್ಕಾರ ಮಾಡಿದೆ.

ಮುಂದಿನದು ವಿಜಯದ ಅಂಕ. ಆ ವಿಡಿಯೋ ರಾಷ್ಟ್ರಮಟ್ಟದ ಸಮ್ಮೇಳನಕ್ಕೆ ಹೋಗಿ, ಹೊಸ ರೀತಿಯಲ್ಲಿ ಕಲಿಸಿದ್ದಕ್ಕೆ ವಿಭಾಗ ಮೊದಲ ಬಹುಮಾನ ಗೆದ್ದಿದೆ. ಸುನೀತಾಳಿಗೆ ಚಿನ್ನದ ಪದಕ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ಕಡೆ ವಾರಕ್ಕೊಂದು ದಿನ ಮಾತಾಡಿಸುವ ಕೇಂದ್ರ ತೆರೆಯುತ್ತಾರೆ. ನಿಮ್ಮೂರಿಗೆ ಮಂಗಳವಾರ ಸುನೀತಾಳೇ ಬರುತ್ತಾಳಂತೆ. ನನಗೆ ಒಂದು ಶಾಲು, ಹಾರ, 'ಸಹಜ ಅಭಿನಯ' ಎಂದು ಬರೆದ ಫಲಕ. ಮೈಕ್ ಕೊಟ್ಟಿದ್ದರು, ಬೇಕಾಗಲಿಲ್ಲ.

ವಿಡಿಯೋ ಈಗ ಎಲ್ಲರ ಫೋನಿನಲ್ಲೂ ಓಡಾಡುತ್ತಿದೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಪರಮಾನಂದ ದಿನವೂ ಗಿರಾಕಿಗಳಿಗೆ ತೋರಿಸಿ, "ಅಳೂದಂದ್ರ ನಮ್ಮ ಮಾಸ್ತರದು! ಆಕಾಶಕ್ಕ ಏಣಿ ಹಚ್ಚಿ ಅತ್ತಂಗ ಐತಿ!" ಎನ್ನುತ್ತಾನೆ. ನಿನಗೂ ಬಂದಿರಬಹುದು. ನೋಡಿ, "ನಾ ಹೇಳಿದ್ದ ಖರೆ ಆತು, ಕ್ಯಾಮೆರಾ ಇಟ್ರು, ಅತ್ತ" ಎಂದಿರಬಹುದು. ಅಂದಿದ್ದರೆ ತಪ್ಪೇನಿಲ್ಲ. ನೋಡಿದವರಿಗೆ ಹಾಗೆಯೇ ಕಾಣುತ್ತದೆ.

ಮಾಲಾಳ ಪರೀಕ್ಷೆ ಹತ್ತಿರ ಬಂತು, ಜೋರಾಗಿ ಓದಲು ಹೇಳು. ಅಳಿಯನ ಮೊಣಕಾಲಿಗೆ ಎಣ್ಣೆ ಹಚ್ಚುವುದು ಬಿಡಬೇಡ. ನಮ್ಮ ಮನೆದೇವರು ಮಾಳಿಂಗರಾಯ ನಿಮ್ಮ ಮನೆಯ ಮೇಲೆ ಕಣ್ಣಿಟ್ಟಿರಲಿ, ನಿಮ್ಮ ರೊಟ್ಟಿಬುಟ್ಟಿ ಬರಿದಾಗದಿರಲಿ.

ನಿನ್ನ ಅಪ್ಪ,
ಮಾಳಿಂಗಪ್ಪ

ತಾ.ಕ.: ವಿಡಿಯೋ ಇನ್ನೊಮ್ಮೆ ನೋಡುವುದಾದರೆ ಫೋನನ್ನು ಕಿವಿಗೆ ಹಿಡಿದು ಕೇಳು. ಮಾತು ಅಷ್ಟು ಸಣ್ಣಗಿದೆ. ಸುನೀತಾ ಊಟದ ಮಾತು ಕೇಳಿದಾಗ ನಾನು ಅಂದದ್ದು ಇದು: "ಚಂದವ್ವನ ತಾಟೂ ಇಡ್ತೇನ್ರಿ. ಆಮ್ಯಾಲ ನೆಪ್ಪಾಗಿ ತಗೀತೇನಿ." ಪರೀಕ್ಷೆ ಮುಗಿದ ಮೇಲೆ ಮೇಡಂ ನನ್ನ ಬೆನ್ನು ತಟ್ಟಿ, "ನಾ ಕೊಟ್ಟ ಪಾರ್ಟಿನಾಗ ಕಂಡಕ್ಟರನ ಹೆಂಡ್ತಿ ಜೀವಂತ ಇದ್ಲಲ್ರಿ ಮಾಸ್ತರ. ನೀವ ಸೇರಿಸಿದ ಮಾತು ಭಾಳ ಛಲೋ ಕೂಡಿತು. ಚಂದವ್ವ ಅನ್ನೂ ಹೆಸರು ಎಲ್ಲಿಂದ ಹೊಳೀತ್ರಿ?" ಎಂದು ಕೇಳಿದರು. "ಹಂಗ ಬಾಯಿಗೆ ಬಂತ್ರಿ" ಎಂದೆ. ನಿನಗೆ ಹಾಗೆ ಹೇಳಲಾರೆ.